ಕರೆಂಟ್ ಹೋದರೆ ಸ್ಕೀ ಲಿಫ್ಟ್ ಹಿಂದಕ್ಕೆ ಜಾರುತ್ತದೆಯೇ?

ಚಳಿಗಾಲ ಬಂತೆಂದರೆ ವಿಜಯಪುರದ ನಮ್ಮ ಓಣಿಯ ಗ್ರೂಪ್‌ಗೂ ಈ ಮೆಸೇಜ್ ಬರುತ್ತದೆ: ಕರೆಂಟ್ ಹೋದರೆ ಹಿಮದ ಗುಡ್ಡದ ಮೇಲಕ್ಕೆ ಜನರನ್ನು ಒಯ್ಯುವ ಸ್ಕೀ ಲಿಫ್ಟಿನ ಕುರ್ಚಿಗಳು ಹಿಂದಕ್ಕೆ ಜಾರುತ್ತವೆ. ಗುಲ್ಮಾರ್ಗ್‌ಗೆ ಹೊರಟವರಿಗೆ ಹೆದರಿಕೆ ಆಗುವುದು ಸಹಜ.

ಆದರೆ ಇದು ತಪ್ಪು. ಕುರ್ಚಿಗಳು ನೇತಾಡುವ ಉಕ್ಕಿನ ಹಗ್ಗವನ್ನು ದೊಡ್ಡ ಗಾಲಿಯೊಂದು ಎಳೆಯುತ್ತದೆ. ಕರೆಂಟ್ ಹೋದ ಕೂಡಲೇ ಅದರ ಬ್ರೇಕ್ ತಾನಾಗಿಯೇ ಬೀಳುತ್ತದೆ. ಬ್ರೇಕ್ ಬಿಡಿಸಿಡಲು ಶಕ್ತಿ ಬೇಕು, ಹಾಕಲು ಬೇಡ. ಜಾಣ ಏರ್ಪಾಡು, ಅಲ್ವಾ? ಆಮೇಲೆ ಸಾಮಾನ್ಯವಾಗಿ ಡೀಸೆಲ್ ಎಂಜಿನ್ ಚಾಲೂ ಮಾಡಿ ಜನರನ್ನು ನಿಧಾನವಾಗಿ ಇಳಿಸುತ್ತಾರೆ. ಬ್ರೇಕೇ ಕೆಲಸ ಮಾಡದೆ ಕುರ್ಚಿಗಳು ಹಿಂದಕ್ಕೆ ಓಡಿದ್ದೂ ಉಂಟು, ಆದರೆ ಅದು ತೀರಾ ಅಪರೂಪ.

ಜೊತೆಗೆ ವಿಡಿಯೋ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಯಾವ ದೇಶದ್ದು, ಎಷ್ಟು ಹಳೆಯದು ಎಂಬುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ.