ಕಾಂಟ್ ಮೇಷ್ಟ್ರಿಗೆ 12 ಅಂಕ

18ನೇ ಶತಮಾನದ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅವರು ನಮ್ಮ ಯಾವುದೋ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದಾರೆ ಅಂದುಕೊಳ್ಳಿ. ಫೈಲ್ ಪರಿಶೀಲನಾ ಸಮಿತಿಯ ಮುಂದಿದೆ.

ಮೊದಲು ಅನುಭವ. 1755ರಿಂದ 1770ರವರೆಗೆ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಪಾಠ. ವಿಶ್ವವಿದ್ಯಾಲಯದಿಂದ ಸಂಬಳವಿಲ್ಲ, ಹುಡುಗರು ಕೊಟ್ಟ ಫೀಸೇ ಗತಿ. ತರ್ಕ, ಗಣಿತ, ಭೂಗೋಳ, ಎಲ್ಲಕ್ಕೂ ಇವರೇ. ಸಾಲದ್ದಕ್ಕೆ 1766ರಿಂದ ಲೈಬ್ರರಿಯಲ್ಲೂ ಕೆಲಸ. ನಮ್ಮ ಅತಿಥಿ ಉಪನ್ಯಾಸಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನಿಯಮದಲ್ಲಿ ಕಾಯಂ ಮೇಷ್ಟ್ರಷ್ಟು ಸಂಬಳ ಬಂದಿದ್ದರೆ ಮಾತ್ರ ಅತಿಥಿ ಸೇವೆ ಲೆಕ್ಕಕ್ಕೆ. ಹಾಗಾಗಿ 15 ವರ್ಷಕ್ಕೆ ಸೊನ್ನೆ.

ಕೊನೆಗೆ 46 ತುಂಬುವ ಹೊತ್ತಿಗೆ ಪ್ರಾಧ್ಯಾಪಕರ ಕುರ್ಚಿ ಸಿಕ್ಕಿತು. ಗಣಿತದ ಪ್ರಾಧ್ಯಾಪಕರು ತೀರಿಕೊಂಡಾಗ, ತರ್ಕಶಾಸ್ತ್ರದವರನ್ನು ಅಲ್ಲಿಗೆ ಹಾಕಿ ಅವರ ಜಾಗ ನನಗೆ ಕೊಡಬಹುದು ಅಂತ ಇವರೇ ಪತ್ರ ಬರೆದಿದ್ದರು. (ಇಂಥ ಅರ್ಜಿ ಬರೆಯುವ ಕಲೆ ನಮ್ಮದೊಂದೇ ಅಂತ ಬೀಗಬೇಡಿ.)

ಕುರ್ಚಿ ಸಿಕ್ಕಮೇಲೆ? ಸುಮಾರು 11 ವರ್ಷ ಒಂದೆರಡು ಸಣ್ಣ ಬರಹ ಬಿಟ್ಟರೆ ಏನೂ ಅಚ್ಚಾಗಲಿಲ್ಲ. 1781ರಲ್ಲಿ ಬಂತು, 800 ಪುಟ ದಾಟಿದ, ತತ್ವಶಾಸ್ತ್ರದ ಮಹಾಗ್ರಂಥ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್'.

ಈಗ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ಅಂಕಪಟ್ಟಿ ತೆಗೆಯಿರಿ. ದೇಶದೊಳಗಿನ ಪ್ರಕಾಶಕರ ಪುಸ್ತಕಕ್ಕೆ 10 ಅಂಕ, ಅಂತಾರಾಷ್ಟ್ರೀಯವಾದರೆ 12.

"ಸರ್, ಪ್ರಕಾಶಕರು ರಿಗಾದವರು. ಆಗ ಅದು ರಷ್ಯಾಕ್ಕೆ ಸೇರಿತ್ತು."

"ಹಾಗಾದ್ರೆ ಫಾರಿನ್ ಅಲ್ವಾ? 12 ಹಾಕಿ."

ಜರ್ನಲ್ಲಿನಲ್ಲಿ ಒಂದು ಲೇಖನ ಬರೆದಿದ್ದರೆ 10 ಸಿಗುತ್ತಿತ್ತು. ವಿದೇಶದ ಸೆಮಿನಾರಿಗೆ ಹೋಗಿ ಪ್ರಬಂಧ ಓದಿದ್ದರೆ 7. ಈ ಮನುಷ್ಯ ಪೂರ್ವ ಪ್ರಷ್ಯಾ ಬಿಟ್ಟು ಹೊರಗೇ ಹೋಗಲಿಲ್ಲ. ಪ್ರಾಧ್ಯಾಪಕ ಹುದ್ದೆಗೆ ಬೇಕಾದ್ದು 120. ಇಂಥ ಪುಸ್ತಕ ಹತ್ತು. ಒಂದಕ್ಕೆ 11 ವರ್ಷದಂತೆ 110 ವರ್ಷ. ನಿವೃತ್ತಿ ವಯಸ್ಸಿನ ವಿಚಾರ ಆಮೇಲೆ ನೋಡೋಣ.

ಪರಿಚಯ, ಜಾತಿ, ಶಿಫಾರಸು ನೋಡಿ ಕೆಲಸ ಕೊಡೋದಕ್ಕಿಂತ ಅಂಕವೇ ವಾಸಿ ಅನ್ನುವವರಿದ್ದಾರೆ. ಒಪ್ಪಿದೆ. ಪುಸ್ತಕವನ್ನು ಯಾರೂ ಓದಬೇಕಾಗಿಲ್ಲ ಅನ್ನೋದು ಈ ಲೆಕ್ಕದ ಇನ್ನೊಂದು ಅನುಕೂಲ. 'ಕ್ರಿಟಿಕ್' ವಿಷಯದಲ್ಲಂತೂ ಸಮಿತಿಯವರಿಗೆ ಇದು ದೊಡ್ಡ ಉಪಕಾರ.

ಗುಮಾಸ್ತರು ಮಾತ್ರ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖಪುಟದ ಒಳಗೆ, ಕೊನೆಯ ಪುಟದಲ್ಲಿ, ಎಲ್ಲಾ ಕಡೆ ಹುಡುಕಿದರು. ಆಮೇಲೆ ಕೆಂಪು ಪೆನ್ನಲ್ಲಿ ಬರೆದರು: 'ಪುಸ್ತಕದ ಐಎಸ್‌ಬಿಎನ್ ನಂಬರ್ ಇಲ್ಲ. 12 ಅಂಕ ಕಡಿತ.'