ಸೌಂಡ್ ಕಮ್ಮಿ ಮಾಡಿದ್ರೆ ಪವರ್ ಹೋಗಲ್ಲ ಗುರೂ

ಕಾರಿಗೆ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದ ಯಾರನ್ನಾದರೂ ಕೇಳಿ ನೋಡಿ. "ಸೌಂಡ್ ಬರ್ಲೇಬೇಕು ಸಾರ್, ಹೊಗೆ ಫ್ರೀಯಾಗಿ ಹೋಗಿ ಪವರ್ ಬರ್ತಿದೆ ಅಂತ ಅರ್ಥ" ಅನ್ನುತ್ತಾರೆ. ನಮ್ಮ ಅಕ್ಕನ ಮಗನೂ ಅದನ್ನೇ ಹೇಳುತ್ತಾನೆ. ರಾತ್ರಿ ಹನ್ನೊಂದರ ಮೇಲೆ ವೆಸ್ಟ್ ಆಫ್ ಕಾರ್ಡ್ ರೋಡ್‌ನಲ್ಲಿ ಅವನ ಕಾರು ತಿರುಗಿದರೆ ಮನೆಯೊಳಗೆ ಕೂತ ನನಗೆ ಗೊತ್ತಾಗುತ್ತದೆ. ಆ ಕಾರಲ್ಲಿ ಪವರ್ ಜಾಸ್ತಿ ಆಗಿದ್ದು ಮಾತ್ರ ನನಗಿನ್ನೂ ಕಂಡಿಲ್ಲ.

ಸೌಂಡೇ ಬೇರೆ, ಹೊಗೆ ಹರಿಯೋ ಫ್ಲೋನೇ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡಿರೋದೇ ಎಲ್ಲ ರಗಳೆಗೆ ಕಾರಣ.

ಒಮ್ಮೆ ವೆಲ್ಡಿಂಗ್ ಅಂಗಡಿಯಲ್ಲಿ ತುಕ್ಕು ಹಿಡಿದ ಹಳೇ ಮಫ್ಲರ್ (ಸೈಲೆನ್ಸರ್ ಡಬ್ಬ) ಒಂದನ್ನು ಕಟರ್‌ನಲ್ಲಿ ಸೀಳಿಸಿ ನೋಡಿದೆ. ಒಳಗೆ ಮೂರು ಗೂಡು, ನಡುವೆ ತಗಡಿನ ಅಡ್ಡಗೋಡೆಗಳು. ಒಂದು ಪೈಪ್ ಒಳಗೆ ಬಂದು ಅರ್ಧದಲ್ಲೇ ನಿಂತಿದೆ, ಇನ್ನೊಂದು ಬೇರೆ ಕಡೆಯಿಂದ ಹೊರಗೆ ಹೊರಟಿದೆ. ಹೊಗೆ ತಿರುಗಿ ತಿರುಗಿ ಹೋಗಬೇಕು. ಶಬ್ದದ ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಒಂದನ್ನೊಂದು ಕೊಲ್ಲುತ್ತವೆ. ಶಬ್ದ ಚೆನ್ನಾಗಿ ಇಳಿಯುತ್ತದೆ, ಆದರೆ ಹೊಗೆಗೂ ಅಡ್ಡಿ. ಅದೇ ಬ್ಯಾಕ್ ಪ್ರೆಷರ್.

ಇನ್ನೊಂದು ಜಾತಿಯದು ನೇರ ಪೈಪಿನದು. ಪೈಪ್ ತುಂಬ ಸಣ್ಣ ತೂತುಗಳು, ಅದರ ಸುತ್ತ ಗ್ಲಾಸ್ ವೂಲ್ ಅನ್ನೋ ಗಾಜಿನ ಎಳೆಗಳ ಉಣ್ಣೆ, ಮೇಲೆ ಡಬ್ಬ. ಹೊಗೆ ನೆಟ್ಟಗೆ ಹೋಗುತ್ತದೆ. ಶಬ್ದ ಮಾತ್ರ ತೂತುಗಳಿಂದ ಪಕ್ಕಕ್ಕೆ ಹರಡಿ ಉಣ್ಣೆಯೊಳಗೆ ಸಾಯುತ್ತದೆ. ಖಾಲಿ ಮನೆಯಲ್ಲಿ ಮಾತಾಡಿದರೆ ಗುಂಯ್ ಅನ್ನುತ್ತೆ, ಹಾಸಿಗೆ ದಿಂಬು ಬಂದ ಮೇಲೆ ಅನ್ನಲ್ಲ, ಅಲ್ವಾ? ಹಾಗೆ. ಡಬ್ಬ ಉದ್ದ ಇದ್ದಷ್ಟೂ, ಉಣ್ಣೆ ದಪ್ಪ ಇದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಶೋಕಿಗೆ ಮಾರುವುದು ಗೇಣುದ್ದದ ಡಬ್ಬ. ಅಗ್ಗದ್ದಾದರೆ ಒಳಗಿನ ಉಣ್ಣೆ ಬೇಗ ಸುಟ್ಟು ಪುಡಿಯಾಗಿ ಹಾರಿ ಹೋಗುತ್ತದೆ. ಆಮೇಲೆ ಉಳಿಯೋದು ಬರೀ ತಗಡು.

ಉಣ್ಣೆ ಕೀರಲು ಶಬ್ದವನ್ನು ನುಂಗುತ್ತದೆ, ಗುಮ್ಮ್ ಅನ್ನೋ ತಗ್ಗು ಶಬ್ದವನ್ನು ಅಷ್ಟಾಗಿ ನುಂಗಲ್ಲ. ನೈಸ್ ರೋಡ್‌ನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಲೆ ಒಡೆಯೋದು ಇದೇ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಹೊಗೆ ತಳ್ಳುತ್ತದೆ. ಅಂದರೆ 100 ಹರ್ಟ್ಜ್. ಇದಕ್ಕೆ ಮದ್ದು ರೆಸೊನೇಟರ್ (ಇಂಥ ಶಬ್ದವನ್ನೇ ಗುರಿಯಿಟ್ಟು ಅಡಗಿಸುವ ಡಬ್ಬ), ಇಲ್ಲವೇ ಮುಖ್ಯ ಪೈಪಿನ ಪಕ್ಕಕ್ಕೆ ಬೆಸುಗೆ ಹಾಕಿದ, ತುದಿ ಮುಚ್ಚಿದ ಒಂದು ಕೊಳವೆ. ಅಲೆಯ ಉದ್ದದ ಕಾಲು ಭಾಗದಷ್ಟು ಅದರ ಉದ್ದ ಇರಬೇಕು. ಬಿಸಿ ಹೊಗೆಯಲ್ಲಿ ಶಬ್ದ ಬೇಗ ಓಡುವುದರಿಂದ, 100 ಹರ್ಟ್ಜ್‌ಗೆ ಒಂದು ಮೀಟರಿಗಿಂತ ಜಾಸ್ತಿಯೇ ಬೇಕು. ಆ ಕೊಳವೆಯೊಳಗೆ ಹೊಗೆ ಹರಿಯುವುದೇ ಇಲ್ಲ, ಹಾಗಾಗಿ ಫ್ಲೋಗೆ ಅಡ್ಡಿ ಇಲ್ಲ. ಕಾರಿನ ಕೆಳಗೆ ಜಾಗ ಸಿಗೋದೇ ಕಷ್ಟ, ಅದು ಬೇರೆ ಮಾತು.

ದಪ್ಪ ಪೈಪ್ ಹಾಕಿಸಿದರೆ ಪಿಕಪ್ ಬರುತ್ತೆ ಅನ್ನೋದೂ ಅಷ್ಟೇ. ಪೈಪ್ ವಿಪರೀತ ದಪ್ಪ ಆದರೆ ಹೊಗೆಯ ವೇಗ ಇಳಿಯುತ್ತದೆ. ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಳ್ಳುವ ಕೆಲಸ ಸರಿಯಾಗಿ ಆಗಲ್ಲ. ಕಡಿಮೆ ಆರ್‌ಪಿಎಂನಲ್ಲಿ ಕಾರು ಸಪ್ಪೆ. ಸಿಲ್ಕ್ ಬೋರ್ಡಲ್ಲಿ ನೀವು ಓಡಿಸೋದು ಯಾವ ಆರ್‌ಪಿಎಂನಲ್ಲಿ ಹೇಳಿ? ಇನ್ನು ಕೆಲವರು ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತು ಹಾಕಿಸುತ್ತಾರೆ. ಶಬ್ದವೂ ಜಾಸ್ತಿ, ವಿಷದ ಹೊಗೆಯೂ ಜಾಸ್ತಿ, ಮೀಟರಿನಲ್ಲಿ ಚೆಕ್ ಎಂಜಿನ್ ಲೈಟ್ ಬೇರೆ.

ಕಾನೂನು? ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ವಾಹನದ ಶಬ್ದದ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ, 2019ರ ತಿದ್ದುಪಡಿಯಾದ ಮೇಲೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಡಿಎಲ್ ಕೂಡ ಮೂರು ತಿಂಗಳು ಹೋಗುತ್ತದೆ. ಹಿಡಿಯೋರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ.

ನಿಮ್ಮ ಕಾರು ಈಚೆಗೆ ತಾನಾಗಿಯೇ ಜೋರಾಗಿದ್ದರೆ ಮಫ್ಲರ್ ಬದಲಿಸುವ ಮುಂಚೆ ಲೀಕ್ ನೋಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಮನೆ ಹೊರಗೆ ಬಯಲಲ್ಲಿ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆ ಮಡಚಿ ಹಿಂದಿನ ಪೈಪಿನ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯಿರಿ. ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಕೇಳಲಿ. ಎಲ್ಲೋ ಉಸ್ಸ್ ಅಥವಾ ಟಿಕ್ ಟಿಕ್ ಅಂದರೆ ಜೋಡಣೆಯಲ್ಲಿರುವ ಗ್ಯಾಸ್ಕೆಟ್ಟೋ, ಬಳುಕುವ ಫ್ಲೆಕ್ಸ್ ಪೈಪೋ ಹೋಗಿದೆ ಅಂತ. ಕಡಿಮೆ ದೂರ ಓಡುವ ಕಾರುಗಳಲ್ಲಂತೂ ಒಳಗೆ ನೀರು ನಿಂತು ಮಫ್ಲರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಹೊಳೆಯುತ್ತಿರುತ್ತದೆ, ಬೆರಳಲ್ಲಿ ಒತ್ತಿದರೆ ಕುಸಿಯುತ್ತದೆ.

ಹೊಸದಾಗಿ ಪೈಪ್ ಮಾಡಿಸುವುದಾದರೆ ಬಾಗುವ ಜಾಗದಲ್ಲಿ ಪೈಪ್ ಚಪ್ಪಟೆಯಾಗದಂತೆ ಬಗ್ಗಿಸಿಕೊಡಿ ಅಂತ ಮೊದಲೇ ಹೇಳಿ. ಎಷ್ಟು ಒಳ್ಳೆ ಮಫ್ಲರ್ ಇದ್ದರೂ ಒಂದು ಕಡೆ ಚಪ್ಪಟೆ ಆದರೆ ಫ್ಲೋ ಅಲ್ಲೇ ಕಟ್ಟಿಕೊಳ್ಳುತ್ತದೆ. ಜೆ.ಸಿ. ರೋಡ್ ಕಡೆ ಇದನ್ನು ನೀಟಾಗಿ ಮಾಡುವ ಕೈ ಯಾರದಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ಹೇಳಿ. ಅಕ್ಕನ ಮಗನನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ದುಡ್ಡೂ ನಂದೇ.