ಬಾಟಲಿ ಮುಯ್ಯಿ

ಕಳೆದ ಭಾನುವಾರ ನಮ್ಮ ಮನೆಯ ಸೀಲಿಂಗ್ ಫ್ಯಾನು ಬಿಯರ್ ಕುಡಿಯಿತು.

ಮನೆಯಲ್ಲೇ ಬಿಯರ್ ಮಾಡಿ, ಒಬ್ಬರ ಬಾಟಲಿಗೆ ಇನ್ನೊಬ್ಬರು ಅಂಕ ಹಾಕುವ ಬೆಂಗಳೂರಿನ ಗುಂಪು ನಮ್ಮದು. ಇದು ಬನಶಂಕರಿ ಬಡಾವಣೆಯವರು ಮಾಡಿ ಕೊಟ್ಟ ಬಾಟಲಿ. ಮುಚ್ಚಳಕ್ಕೆ ಓಪನರ್ ತಾಗಿಸಿದ್ದಷ್ಟೇ, ಒಳಗಿದ್ದದ್ದು ನನ್ನನ್ನು ಕಾಯದೆ ತಾನೇ ಎದ್ದು ಹೊರಟಿತು. ಮುಕ್ಕಾಲು ಪಾಲು ಫ್ಯಾನಿಗೆ, ಉಳಿದದ್ದು ನನ್ನ ಬನಿಯನ್ನಿಗೆ. ಗ್ಲಾಸಿಗೆ ಬಿದ್ದದ್ದು ತೀರ್ಥದಷ್ಟು. ಬಾಟಲಿಗೆ ತುಂಬುವಾಗ ಲೀಟರಿಗೆ 6-7 ಗ್ರಾಂ ಸಕ್ಕರೆ ಹಾಕಿದರೆ ಸಾಕು, ಯೀಸ್ಟ್ ಅದನ್ನು ತಿಂದು ಬೇಕಾದಷ್ಟು ಗ್ಯಾಸ್ ಮಾಡುತ್ತದೆ. ಇವರು ಪಾಯಸಕ್ಕೆ ಹಾಕುವ ಕೈಯಲ್ಲೇ ಹಾಕಿದ್ದರು. ನಾನು ಸ್ಟೂಲ್ ಹತ್ತಿ ರೆಕ್ಕೆ ಒರೆಸಿದೆ. ಇಳಿದೆ. ಕೈ ತೊಳೆದು ಅಂಕದ ಫಾರಂ ತೆಗೆದು ಬರೆದೆ: 'ಬುರುಗು ಬಲು ಉತ್ಸಾಹದಿಂದ ಕೂಡಿದೆ. 50ಕ್ಕೆ 33.'

ಯಾಕೆ ಅಂತೀರಾ? ಅವರ ಫ್ರಿಜ್ಜಿನಲ್ಲಿ ನನ್ನ ಗೋಧಿ ಬಿಯರ್ ಇದೆ. ಅದಕ್ಕೆ ಅವರಿನ್ನೂ ಅಂಕ ಹಾಕಿಲ್ಲ.

ಊರ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರಲ್ಲ, ಯಾರು ಎಷ್ಟು ಹಾಕಿದರು ಅಂತ. ಮುಂದೆ ಅವರ ಮನೆ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡಿದರೆ ಆಯಿತು, ಅಷ್ಟೇ ಹಾಕಿ ಬರುವುದು. ನಮ್ಮ ಬಿಯರ್ ವಿಮರ್ಶೆಯೂ ಅದೇ. ಪುಸ್ತಕದ ಬದಲು ಗೂಗಲ್ ಶೀಟ್ ಇದೆ.

ಅಂಕದ ಪದ್ಧತಿ ಮಾತ್ರ ನಮ್ಮದಲ್ಲ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ಬಿಯರ್ ಜಡ್ಜುಗಳ ಸಂಸ್ಥೆಯದ್ದು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗೆ ತಾಗುತ್ತದೆ ಅನ್ನುವುದಕ್ಕೆ 5, ಒಟ್ಟಾರೆ 10. 45 ಮುಟ್ಟಿದರೆ ಅದ್ಭುತ. 13 ಮತ್ತು ಅದಕ್ಕಿಂತ ಕೆಳಗೆ 'ಸಮಸ್ಯೆ ಇದೆ'. ನಮ್ಮ ಗುಂಪಿನಲ್ಲಿ ಯಾರ ಬಿಯರಿಗೂ ಇದುವರೆಗೆ ಸಮಸ್ಯೆ ಬಂದಿಲ್ಲ. ಕುಡಿದವರಿಗೆ ಬಂದಿರಬಹುದು, ಅದಕ್ಕೆ ಕಾಲಂ ಇಲ್ಲ.

ಒಂದು ಅನುಕೂಲವೂ ಇದೆ. ಈ ವಿದ್ಯೆಯಲ್ಲಿ ಪ್ರತಿ ತಪ್ಪಿಗೂ ಒಂದು ಘನವಾದ ಹೆಸರಿದೆ. ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದರೆ ಬೆಣ್ಣೆ ವಾಸನೆ ಉಳಿಯುತ್ತದೆ, ಅದು ಡೈಅಸಿಟೈಲ್. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್. ಬೇಯಿಸಿದ ಮೆಕ್ಕೆಜೋಳದ ವಾಸನೆಯಾದರೆ ಡೈಮೀಥೈಲ್ ಸಲ್ಫೈಡ್. ಗಾಳಿ ಸೇರಿ ಹಳತಾದರೆ ಒದ್ದೆ ರಟ್ಟಿನ ರುಚಿ. ದಾವಣಗೆರೆಯಲ್ಲಿ ಬೆಣ್ಣೆಗೆ ಜಾಸ್ತಿ ದುಡ್ಡು ಕೊಟ್ಟು ತಿನ್ನುತ್ತೇವೆ, ಕಬ್ಬನ್ ಪಾರ್ಕ್ ಗೇಟಿನಲ್ಲಿ ನಿಂತು ಬೇಯಿಸಿದ ಜೋಳ ಕಡಿಯುತ್ತೇವೆ. ಬಿಯರಿನಲ್ಲಿ ಮಾತ್ರ ಎರಡೂ ದೋಷ. ಇರಲಿ.

ಬಾಟಲಿಯನ್ನು ಬಿಸಿಲಿಗಿಟ್ಟರೆ ಬರುವ ನಾತಕ್ಕೆ 'ಸ್ಕಂಕಿ' ಅಂತ ಬರೆಯಬೇಕು. ಸ್ಕಂಕ್ ಅಮೆರಿಕದ ಒಂದು ನಾರುವ ಪ್ರಾಣಿ, ನಮ್ಮ ಯಾವ ಕಾಡಿನಲ್ಲೂ ಇಲ್ಲ. ಆದರೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೂತವರು ಮೂಗಿಗೆ ತಾಗುತ್ತಲೇ ಗುರುತು ಹಿಡಿಯುತ್ತಾರೆ. ಇನ್ನೊಂದು ಕುದುರೆ ಕಂಬಳಿ. ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರಿಕೊಂಡರೆ ಬೆವೆತ ಕುದುರೆಯ ಮೇಲೆ ಹೊದಿಸಿದ ಕಂಬಳಿಯ ವಾಸನೆ ಬರುತ್ತದಂತೆ. ಬೇಕೆಂದೇ ಸೇರಿಸಿದರೆ ಬೆಲ್ಜಿಯಂ ಪರಂಪರೆ, ಪೈಪು ತೊಳೆಯದೆ ಸೇರಿಕೊಂಡರೆ ಇನ್‌ಫೆಕ್ಷನ್. ಯಾವುದು ಅಂತ ತೀರ್ಮಾನಿಸುವುದು ಲೇಬಲ್. ಇಷ್ಟು ದಿನದಲ್ಲಿ ಕುದುರೆ ಕಂಬಳಿ ಅಂತ ಬರೆದವರಲ್ಲಿ ಕುದುರೆಯನ್ನು ಹತ್ತಿರದಿಂದ ಮೂಸಿದವರು ಒಬ್ಬರೂ ಇಲ್ಲ. ದಸರಾ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿದ್ದಷ್ಟೇ.

ಇನ್ನು ನೀರಿನ ಕಥೆ. ಸರ್ಜಾಪುರ ರಸ್ತೆಯವರ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ಬರುತ್ತದೆ. ಬಕೆಟ್ಟಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುವಷ್ಟು ಗಡಸು. ಅವರು ಆ ನೀರನ್ನು ಆರ್‌ಒ ಯಂತ್ರಕ್ಕೆ ಹಾಕಿ ಇದ್ದ ಲವಣವನ್ನೆಲ್ಲ ತೆಗೆಯುತ್ತಾರೆ. ಆಮೇಲೆ ಗ್ರಾಂ ಲೆಕ್ಕದಲ್ಲಿ ಜಿಪ್ಸಂ ತೂಗಿ ಹಾಕಿ ಮತ್ತೆ ಗಡಸು ಮಾಡುತ್ತಾರೆ. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಂ ಜಾಸ್ತಿಯಂತೆ, ಅಲ್ಲಿಯ ಪೇಲ್ ಏಲ್ ಎಂಬ ಬಿಯರ್ ಹೆಸರಾದದ್ದೇ ಅದರಿಂದ. ಮೊಳಕೆ ಧಾನ್ಯದಿಂದ ತೆಗೆದ ಸಿಹಿನೀರನ್ನು ಒಂದು ಗಂಟೆ ಕುದಿಸಿ ಬೇಗ ತಣಿಸಬೇಕು, ಅದಕ್ಕೆ ತಾಮ್ರದ ಸುರುಳಿಯೊಳಗೆ ನಲ್ಲಿ ನೀರು ಹರಿಯಬಿಡಬೇಕು. 20 ಲೀಟರ್ ಬಿಯರಿಗೆ ಅದರ ಮೂರು ನಾಲ್ಕು ಪಟ್ಟು ನೀರು ಸುಮ್ನೆ ಮೋರಿಗೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ. ಆ ತಿಂಗಳು ಇವರು ಕಾರು ತೊಳೆಯಲಿಲ್ಲ. ಬಿಯರ್ ನಿಲ್ಲಿಸಲಿಲ್ಲ. ಫಾರಂ ತುಂಬಿದವರು 'ವಾಟರ್ ಪ್ರೊಫೈಲ್ ಸೊಗಸಾಗಿದೆ' ಅಂತ ಒಂದಂಕ ಜಾಸ್ತಿಯೇ ಕೊಟ್ಟರು.

ಈಗ ಮೆಲ್ಲಗೆ ಹೇಳಬೇಕಾದ ವಿಷಯ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. 2007ರ ಜುಲೈಯಿಂದ ಸಾರಾಯಿಯೂ ಬಂದ್. ಹಳ್ಳಿಯ ಕಡೆ ಯಾರೋ ಹಿತ್ತಲಲ್ಲಿ ಬೆಲ್ಲ ಕೊಳೆಹಾಕಿ ಸಿಕ್ಕಿಬಿದ್ದರೆ ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ: ಮುಂದೆ ಕೊಡಗಳು, ಹಿಂದೆ ಅಧಿಕಾರಿಗಳು, ಪಕ್ಕದಲ್ಲಿ ತಲೆ ತಗ್ಗಿಸಿದ ಆಸಾಮಿ. 'ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ.' ನಮ್ಮಲ್ಲೂ ಫೋಟೋ ತೆಗೆಯುತ್ತಾರೆ. ಬಾಲ್ಕನಿಯಲ್ಲಿ 20 ಲೀಟರಿನ ನೀರಿನ ಕ್ಯಾನು, ಅದರ ಬಾಯಿಗೆ ಗ್ಯಾಸ್ ಹೊರಬಿಡುತ್ತಾ ಗುಳುಗುಳು ಅನ್ನುವ ಏರ್‌ಲಾಕ್, ಪಕ್ಕದಲ್ಲಿ ತಲೆ ಎತ್ತಿದ ಆಸಾಮಿ. ಅದನ್ನು ಅವರೇ ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆ. ಅವರ ಕ್ಯಾನಿನಲ್ಲಿರುವುದೂ ಸಿಹಿನೀರು, ಯೀಸ್ಟ್. ಆದರೆ ಅದಕ್ಕೆ ಕೊಳೆ ಅನ್ನುವುದಿಲ್ಲ, 'ವರ್ಟ್' ಅನ್ನುತ್ತಾರೆ. ಹಳ್ಳಿಯವನಿಗೂ ದ್ರವದ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್ ಕೊಡಿಸಬೇಕಿತ್ತು. ಶುರುವಿನಲ್ಲಿ 1.050, ಕೊನೆಗೆ 1.010, ಅಂದರೆ ಸುಮಾರು ಶೇ. 5 ಆಲ್ಕೋಹಾಲ್ ಅಂತ ಪಟಪಟನೆ ಹೇಳಿದ್ದರೆ ಬಂದವರು ಬಹುಶಃ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಮೊನ್ನೆ ಬುಧವಾರ ಜೆ.ಪಿ. ನಗರದವರಿಂದ ಒಂದು ಬಾಟಲಿ ಬಂತು. ಕೈಬರಹದ ಲೇಬಲ್: 'ಫಾರ್ಮ್‌ಹೌಸ್ ಏಲ್, ಬ್ರೆಟ್.' ಬ್ರೆಟ್ ಅಂದರೆ ಅದೇ ಕುದುರೆ ಕಂಬಳಿಯ ಯೀಸ್ಟ್. ಜೆ.ಪಿ. ನಗರದವರ ಹತ್ತಿರ ಸದ್ಯಕ್ಕೆ ನನ್ನ ಬಾಟಲಿ ಯಾವುದೂ ಇರಲಿಲ್ಲ. ಮುಯ್ಯಿಯ ಭಯವಿಲ್ಲ. ಒಂದು ಸಲವಾದರೂ ಮನಸ್ಸಲ್ಲಿದ್ದದ್ದನ್ನು ಬರೆಯೋಣ ಅನ್ನಿಸಿತು.

ಮೂಸಿದೆ. ಮಳೆಗಾಲದಲ್ಲಿ ಒಣಗದ ಯೂನಿಫಾರ್ಮ್. ಒಂದು ಗುಟುಕು ಕುಡಿದೆ. ನಾಲಿಗೆಯ ಮೇಲೆ ಹಳಸಿದ ಗಂಜಿ, ಗಂಟಲಲ್ಲಿ ಬ್ಯಾಂಡ್‌ಏಡ್. ಬರೆದೆ: 'ಇದು ಪರಂಪರೆ ಅಲ್ಲ, ಕೊಳಕು. ಮಾಡಿದವರು ಪೈಪು ತೊಳೆಯುವುದನ್ನು ಕಲಿಯಬೇಕು. 18.' ಎಷ್ಟು ಹಗುರವಾಯಿತು ಗೊತ್ತಾ! ಅಷ್ಟರಲ್ಲಿ ಮೇಜಿನ ಮೇಲಿದ್ದ ಮುಚ್ಚಳ ಕಣ್ಣಿಗೆ ಬಿತ್ತು. ಅಂಚಿನಲ್ಲಿ ಅರ್ಧಚಂದ್ರದ ತಗ್ಗು. ನನ್ನ ಮುಚ್ಚಳ ಒತ್ತುವ ಯಂತ್ರದ ಒಂದು ಹಲ್ಲು ಬಾಗಿದೆ, ನಾನು ಮುಚ್ಚಿದ ಪ್ರತಿ ಬಾಟಲಿಗೂ ಅದೇ ಗುರುತು.

ಗೌರಿ ಹಬ್ಬದ ಬ್ಲೌಸ್ ಪೀಸ್ ನಾಲ್ಕು ಮನೆ ಸುತ್ತಿ ಕೊಟ್ಟವರ ಬೀರುವಿಗೇ ವಾಪಸ್ ಬರುವುದುಂಟು. ಬನಶಂಕರಿಯವರ ಫ್ರಿಜ್ಜಿನಲ್ಲಿದೆ ಅಂದುಕೊಂಡಿದ್ದ ನನ್ನ ಗೋಧಿ ಬಿಯರ್ ಹಾಗೆ ಬಂದಿತ್ತು, ದಾರಿಯಲ್ಲಿ ಬೆಲ್ಜಿಯಂ ಪೌರತ್ವ ಪಡೆದುಕೊಂಡು.

18 ಅನ್ನು ಗೀಚಿ 38 ಮಾಡಿದೆ. 'ಕೊಳಕು' ಹೊಡೆದು 'ಧೈರ್ಯವಂತ ಪ್ರಯೋಗ' ಅಂತ ಬರೆದೆ. ರಾತ್ರಿ ಜೆ.ಪಿ. ನಗರದವರೇ ಫೋನ್ ಮಾಡಿದರು. ಹೇಗಿತ್ತು ಅಂದರು. ಬಹಳ ಚೆನ್ನಾಗಿತ್ತು, ಹೇಗೆ ಮಾಡಿದಿರಿ ಅಂತ ಕೇಳಿದೆ. ಅರ್ಧ ಗಂಟೆ ವಿವರವಾಗಿ ಹೇಳಿದರು. ನಾನು ಹೂಂಗುಟ್ಟುತ್ತಾ ಒಂದೊಂದನ್ನೂ ಬರೆದುಕೊಂಡೆ.